ಮುಟ್ಟಿದನೋ, ತಡೆದನೋ?

ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡಲು ಹೊಸದಾಗಿ ಕೂತವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ನಿಯಮ ಪಾಸ್ ಇಂಟರ್‌ಫಿಯರೆನ್ಸ್. ಹಳಬರೂ ಇದರ ಬಗ್ಗೆಯೇ ಜಗಳವಾಡುತ್ತಾರೆ, ಹಾಗಾಗಿ ಹೆದರಬೇಡಿ.

ಮೊದಲು ಆಟದ ಒಂದು ತುಣುಕು ನೋಡೋಣ. 10 ಯಾರ್ಡ್ ಮುಂದೆ ಸಾಗಲು ದಾಳಿ ಮಾಡುವ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದೂ ಒಂದು ಡೌನ್. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಮುಂದಕ್ಕೆ ಎಸೆಯುತ್ತಾನೆ, ರಿಸೀವರ್ ಓಡಿ ಹಿಡಿಯಬೇಕು, ಡಿಫೆಂಡರ್ ಅವನಿಗೆ ಅಂಟಿಕೊಂಡೇ ಓಡುತ್ತಾನೆ. ಗಾಳಿಯಲ್ಲಿರುವ ಚೆಂಡಿನ ಮೇಲೆ ಇಬ್ಬರಿಗೂ ಸಮಾನ ಹಕ್ಕು. ಆದರೆ ಡಿಫೆಂಡರ್ ಚೆಂಡಿನ ಕಡೆ ನೋಡದೆ ತೋಳು ಎಳೆದರೆ, ಸೊಂಟ ಹಿಡಿದು ತಿರುಗಿಸಿದರೆ, ಚೆಂಡು ತಲುಪುವ ಮೊದಲೇ ಬೆನ್ನ ಮೇಲೆ ಬಿದ್ದರೆ ತಪ್ಪು. ರಿಸೀವರ್ ಅವನನ್ನು ತಳ್ಳಿ ಜಾಗ ಮಾಡಿಕೊಂಡರೂ ತಪ್ಪೇ. ಆಗ ಅಧಿಕಾರಿಯ ಹಳದಿ ಫ್ಲ್ಯಾಗ್ ಬೀಳುತ್ತದೆ.

ಇಷ್ಟೇ ಆಗಿದ್ದರೆ ತಕರಾರಿರುತ್ತಿರಲಿಲ್ಲ. ಬರೀ ಮೈ ತಗಲಿದರೆ ಅದು ತಪ್ಪಲ್ಲ; ಅದರಿಂದ ಹಿಡಿಯುವ ಅವಕಾಶಕ್ಕೆ ಅಡ್ಡಿಯಾಗಿರಬೇಕು. ಆ ಚೆಂಡು ಕೈಗೆಟಕುವಂತಿರಬೇಕು. ಇಬ್ಬರೂ ಚೆಂಡಿಗಾಗಿಯೇ ಹಾರಿ ಡಿಕ್ಕಿ ಹೊಡೆದರೆ ಆಟ ಮುಂದುವರಿಯುತ್ತದೆ. ಇದನ್ನೆಲ್ಲ ತೀರ್ಮಾನಿಸಲು ಸಿಗುವುದು ಒಂದು ಕ್ಷಣ. ಕ್ರಿಕೆಟ್ಟಿನ ಎಲ್‌ಬಿಡಬ್ಲ್ಯು ನೆನಪಿಸಿಕೊಳ್ಳಿ. ವ್ಯತ್ಯಾಸವೆಂದರೆ, ಇಲ್ಲಿ ಬ್ಯಾಟ್ಸ್‌ಮನ್ನೂ ಓಡುತ್ತಿರುತ್ತಾನೆ, ಅಂಪೈರೂ ಓಡುತ್ತಿರುತ್ತಾನೆ!

ಕಾಲೇಜ್ ಆಟದಲ್ಲಿ ಇನ್ನೊಂದು ತೊಡಕಿದೆ. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಐದು ಯಾರ್ಡ್ ದಾಟಿದ ಮೇಲೆ ರಿಸೀವರನ್ನು ತಡೆಯುವಂತಿಲ್ಲ. ಕಾಲೇಜಿನಲ್ಲಿ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಬಿಡುವವರೆಗೂ, ಎದುರಿಗಿರುವ ರಿಸೀವರನ್ನು ಡಿಫೆಂಡರ್ ಮೈಕೊಟ್ಟು ತಡೆಯಬಹುದು. ಅಂದರೆ ಮೈದಾನದ ಆಳದಲ್ಲಿ ನಿಂತ ಅಧಿಕಾರಿ ತನ್ನ ಮುಂದಿನ ತಳ್ಳಾಟ ನೋಡುತ್ತಲೇ, ಬಹುದೂರದ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆದನೋ ಇಲ್ಲವೋ ಎಂಬುದನ್ನೂ ತಿಳಿದಿರಬೇಕು. ಎರಡು ಕಣ್ಣು ಸಾಲದ ಕೆಲಸ.

ನಿಯಮ ಪುಸ್ತಕವೇನೋ ಒಂದೇ, ಕಾಲೇಜ್ ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎಯದ್ದು. ಆದರೆ ಅಧಿಕಾರಿಗಳನ್ನು ನೇಮಿಸುವುದು, ತಿದ್ದುವುದು, ಅಂಕ ಕೊಡುವುದು ಎಸ್‌ಇಸಿ, ಬಿಗ್ ಟೆನ್‌ನಂಥ ಕಾನ್ಫರೆನ್ಸ್‌ಗಳು, ಅಂದರೆ ಕಾಲೇಜ್ ತಂಡಗಳ ಒಕ್ಕೂಟಗಳು. ಈ ಶನಿವಾರ ಕ್ಷಮಿಸಿದ ತೋಳೆಳೆತಕ್ಕೆ ಮುಂದಿನ ಶನಿವಾರ ಬೇರೆ ಕಾನ್ಫರೆನ್ಸ್‌ನ ಅಧಿಕಾರಿಗಳು ಫ್ಲ್ಯಾಗ್ ಎಸೆದರೆ, ಅಭಿಮಾನಿಗಳು ಪಕ್ಷಪಾತ ಎನ್ನುತ್ತಾರೆ. ನನ್ನ ಮಟ್ಟಿಗೆ, ಅಳತೆಗೋಲನ್ನು ಬೇರೆಬೇರೆ ಮನೆಗಳಲ್ಲಿಟ್ಟ ಈ ಏರ್ಪಾಡೇ ಹೆಚ್ಚು ಕಾರಣ.

ಡಿಫೆಂಡರ್ ತಪ್ಪಿಗೆ ದಂಡ ಗರಿಷ್ಠ 15 ಯಾರ್ಡ್, ಜೊತೆಗೆ ಹೊಸದಾಗಿ ಮೊದಲ ಡೌನ್. ಎನ್‌ಎಫ್‌ಎಲ್‌ನಲ್ಲಿ ತಪ್ಪು ನಡೆದ ಜಾಗಕ್ಕೇ ಚೆಂಡು ಹೋಗುತ್ತದೆ. ಹೀಗಾಗಿ ಕಾಲೇಜಿನಲ್ಲಿ 40 ಯಾರ್ಡ್ ಆಚೆ ಹಿಂದೆ ಬಿದ್ದ ಡಿಫೆಂಡರ್ ಬೇಕೆಂತಲೇ ಅಂಗಿ ಹಿಡಿದೆಳೆದರೂ ಅವನ ತಂಡಕ್ಕೆ ಲಾಭವೇ.

ಅತಿ ಹೆಚ್ಚು ಚರ್ಚೆಯಾದ ಫ್ಲ್ಯಾಗ್ ಬಿದ್ದದ್ದು 2003ರ ಜನವರಿ 3ರಂದು, ಅರಿಜೋನಾದ ಫಿಯೆಸ್ಟಾ ಬೌಲ್ ಪಂದ್ಯದಲ್ಲಿ. ಹೆಚ್ಚುವರಿ ಅವಧಿಯಲ್ಲಿ ಮಯಾಮಿ 24–17ರಿಂದ ಮುಂದಿತ್ತು. ಓಹಾಯೋ ಸ್ಟೇಟ್‌ನ ನಾಲ್ಕನೇ ಡೌನ್ ಪಾಸ್ ನೆಲಕ್ಕೆ ಬಿತ್ತು. ಮಯಾಮಿ ಆಟಗಾರರು ಮೈದಾನಕ್ಕೆ ನುಗ್ಗಿದರು, ಪಟಾಕಿಯೂ ಸಿಡಿಯಿತು. ಅಷ್ಟರಲ್ಲಿ ಅಧಿಕಾರಿ ಟೆರ್ರಿ ಪೋರ್ಟರ್ ಮಯಾಮಿ ಡಿಫೆಂಡರ್ ಮೇಲೆ ತಡವಾಗಿ ಫ್ಲ್ಯಾಗ್ ಎಸೆದರು. ಮರುಜೀವ ಪಡೆದ ಓಹಾಯೋ ಸ್ಟೇಟ್ 31–24ರಿಂದ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ತೀರ್ಪು ಸರಿಯೇ ಎಂದು ಇಂದಿಗೂ ಎರಡು ಬಣ.

ವಿಡಿಯೊ ನೋಡಿ ತಿದ್ದಬಾರದೇ ಎಂದು ನೀವು ಕೇಳಬಹುದು. ಪಾಸ್ ದಾರಿಯಲ್ಲಿ ಯಾರಿಗಾದರೂ ತಗುಲಿತೇ ಎಂಬುದನ್ನು ಮರುಪರಿಶೀಲಿಸಬಹುದು. ಅಡ್ಡಿಯಾಯಿತೇ ಎಂಬ ವಿವೇಚನೆಯನ್ನು ಅಲ್ಲ. ಎನ್‌ಎಫ್‌ಎಲ್ 2019ರಲ್ಲಿ ಅದನ್ನೂ ಪ್ರಯತ್ನಿಸಿ ಒಂದೇ ಋತುವಿಗೆ ಕೈಬಿಟ್ಟಿತು.

2024ರ ಅಕ್ಟೋಬರ್ 19ರಂದು ಆಸ್ಟಿನ್‌ನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಟೆಕ್ಸಸ್‌ನ ಜಾಡೆ ಬ್ಯಾರನ್ ಜಾರ್ಜಿಯಾದ ಪಾಸ್ ಕಸಿದು ಓಡಿದರು, ಆದರೆ ಅವರ ಮೇಲೇ ಫ್ಲ್ಯಾಗ್ ಬಿತ್ತು. ಪ್ರೇಕ್ಷಕರು ಮೈದಾನಕ್ಕೆ ಬಾಟಲಿ ಎಸೆದರು. ಆಟ ನಿಂತಾಗ ಅಧಿಕಾರಿಗಳು ಚರ್ಚಿಸಿ ತೀರ್ಪು ಹಿಂತೆಗೆದರು. ಹಿಂತೆಗೆದದ್ದು ಸರಿಯೆಂದೇ ನನಗನಿಸುತ್ತದೆ, ಹಿಂತೆಗೆದ ಹೊತ್ತು ಸರಿಯಿರಲಿಲ್ಲ. ಎಸ್‌ಇಸಿ ಟೆಕ್ಸಸ್‌ಗೆ 2,50,000 ಡಾಲರ್ ದಂಡ ಹಾಕಿತು. ಜಾರ್ಜಿಯಾ 30–15ರಿಂದ ಗೆದ್ದದ್ದು ಅಧಿಕಾರಿಗಳ ಅದೃಷ್ಟ.