ಕಂಬ ಎದುರಿಗಿದ್ದರೂ ಪಟ ಏಕೆ ಬಾರದು?



ಹೆಬ್ಬಾಳದ ಬಳಿ ಜಿ.ಕೆ.ವಿ.ಕೆ.ಯಲ್ಲಿ ಪ್ರತಿವರ್ಷ ಕೃಷಿಮೇಳ ನಡೆಯುವುದು ನಿಮಗೆ ಗೊತ್ತೇ ಇದೆ. ಇಂಥ ಜನಸಂದಣಿಯಲ್ಲಿ ಮೊಬೈಲು ಏಕೆ ಕೈಕೊಡುತ್ತದೆ ಎಂಬುದನ್ನು ನಾವೆಲ್ಲರೂ ತಿಳಿದಿರುವುದು ಅವಶ್ಯ.

ಹಿಂದೆ ಒಂದು ಮೇಳಕ್ಕೆ ನಮ್ಮ ಹಳ್ಳಿಯ ರೈತರೊಬ್ಬರ ಜೊತೆ ಹೋಗಿದ್ದೆ. ಅವರ ಟೊಮೇಟೊ ಎಲೆಗಳಲ್ಲಿ ಕಂದು ಚುಕ್ಕೆ ಬಿದ್ದಿತ್ತು. ಮಗ ಮನೆಯಿಂದ ಪಟ ಕಳುಹಿಸಿದ. ತಜ್ಞರು ಎದುರಿಗೇ ಕುಳಿತಿದ್ದರು, ಪಟ ಮಾತ್ರ ಬರಲಿಲ್ಲ. “ಕಂಬ ಇಲ್ಲೇ ಐತೆ, ಕಡ್ಡಿ ಎಲ್ಲಾ ತುಂಬವೆ, ಇದ್ಯಾಕ್ ಸ್ವಾಮಿ ಹಿಂಗೆ?” ಎಂದರು. ಸಂಜೆ ಯಲಹಂಕ ದಾಟಿದ ಮೇಲೆ ಪಟ ಬಂತು. ಔಷಧಿ ಹೊಡೆಯುವುದು ಎರಡು ದಿನ ತಡವಾಗಿ, ರೋಗ ಪಕ್ಕದ ಸಾಲುಗಳಿಗೂ ಹಬ್ಬಿತು.

ಕಾರಣವೇನು?

ಕಡ್ಡಿಗಳು ಕಂಬದ ಅಲೆಯ ಬಲವನ್ನು ಮಾತ್ರ ತೋರಿಸುತ್ತವೆ; ನಿಮ್ಮ ಪಾಲಿಗೆ ಎಷ್ಟು ಉಳಿದಿದೆ ಎಂಬುದನ್ನು ತೋರಿಸುವುದಿಲ್ಲ. ಕೆರೆಯ ತೂಬಿನ ನೀರು ಹತ್ತು ಗದ್ದೆಗೆ ಸಾಕು. ನೂರು ಗದ್ದೆಯವರು ಒಟ್ಟಿಗೆ ಮಡೆ ತೆಗೆದರೆ ಯಾರಿಗೂ ಸಾಲದು. ಕಂಬವೂ ಹಾಗೆಯೇ. ಒಬ್ಬರ ಮಾತಿಗೆ ಸೆಕೆಂಡಿಗೆ ಸುಮಾರು 12ರಿಂದ 24 ಕಿಲೋಬಿಟ್ ಸಾಕು. 720ರ ದರ್ಜೆಯ ವಿಡಿಯೋಗೆ ಸುಮಾರು 2,500 ಬೇಕು. ಎಂದರೆ ಒಬ್ಬರು ವಿಡಿಯೋ ನೋಡಿದರೆ ನೂರು ಮಂದಿಯ ಮಾತಿನಷ್ಟು ಜಾಗ ಹೋಯಿತು.

ಪರಿಹಾರಗಳು

1. ಜನ ಸೇರುವ ಕಡೆ ಗಾಲಿಯ ಮೇಲಿನ ತಾತ್ಕಾಲಿಕ ಕಂಬಗಳನ್ನು ತಂದು ನಿಲ್ಲಿಸುವುದು.

2. ಹೆಚ್ಚು ಮಂದಿ ನೋಡುವ ವಿಡಿಯೋದ ಪ್ರತಿಯನ್ನು ಹತ್ತಿರದ ಗಣಕಯಂತ್ರದಲ್ಲಿ ಇಡುವುದು. ದೂರದ ಕಣಜದ ಬದಲು ಮನೆಯ ವಾಡೆಯಿಂದ ಕಾಳು ತೆಗೆದಂತೆ. ಆದರೆ ಕಂಬದಿಂದ ಫೋನಿನವರೆಗಿನ ದಾರಿಯ ಇಕ್ಕಟ್ಟು ಇದರಿಂದ ತಪ್ಪದು.

3. ದಾರಿ ಇಕ್ಕಟ್ಟಾದಾಗ ವಿಡಿಯೋ ತಾನಾಗಿಯೇ ಕೆಳದರ್ಜೆಗೆ ಇಳಿಯುವಂತೆ ಮಾಡುವುದು.

4. ಎಲ್ಲರೂ ಒಂದನ್ನೇ ನೋಡುವಾಗ ಒಂದೇ ಅಲೆಯಲ್ಲಿ ಬಿತ್ತರಿಸುವುದು. ಆಕಾಶವಾಣಿಯನ್ನು ಹತ್ತು ಮಂದಿ ಕೇಳಿದರೂ ಹತ್ತು ಸಾವಿರ ಮಂದಿ ಕೇಳಿದರೂ ಕೇಂದ್ರಕ್ಕೆ ಹೆಚ್ಚಿನ ಹೊರೆಯಿಲ್ಲವಷ್ಟೆ! ಇದೇ ತತ್ತ್ವದಿಂದ ಇಂಟರ್‌ನೆಟ್ ಇಲ್ಲದೆಯೇ ಮೊಬೈಲಿಗೆ ವಿಡಿಯೋ ಬಿತ್ತರಿಸುವ ಪ್ರಯೋಗವನ್ನು 2023ರಲ್ಲಿ ಬೆಂಗಳೂರಿನಲ್ಲಿಯೂ ನಡೆಸಲಾಯಿತು. ಇದಕ್ಕೆ ಆ ಅಲೆಯನ್ನು ಹಿಡಿಯುವ ಚಿಪ್ಪು ಫೋನಿನಲ್ಲಿರಬೇಕು. ಒಬ್ಬೊಬ್ಬರ ಪಟ ಒಬ್ಬೊಬ್ಬರಿಗೆ ಹೋಗುವುದಕ್ಕೆ ಇದು ನೆರವಾಗುವುದು ಹೇಗೆಂದರೆ, ವಿಡಿಯೋದ ಹೊರೆ ಇಳಿದಷ್ಟೂ ಕಂಬದಲ್ಲಿ ಜಾಗ ಉಳಿಯುತ್ತದೆ.

ನಾವು ಮಾಡಬೇಕಾದುದು

ಬೆಳೆಯ ಪಟಗಳನ್ನು ಹೊರಡುವ ಮೊದಲೇ ನಿಮ್ಮ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಬೇಕಾದ ವಿಡಿಯೋವನ್ನು ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ. ಸಂದಣಿಯಲ್ಲಿ ನೋಡಲೇಬೇಕಾದರೆ 360ರ ದರ್ಜೆ ಆರಿಸಿರಿ. ತುರ್ತಾದುದನ್ನು ಎಸ್.ಎಂ.ಎಸ್.ನಲ್ಲಿ ಬರೆದು ಕಳುಹಿಸಿ.

ನೀರಿನ ಸರದಿ ಪಾಲಿಸಲು ನಮಗೆ ಯಾರೂ ಕಲಿಸಬೇಕಿಲ್ಲ. ಅದೇ ಬುದ್ಧಿಯನ್ನು ಇಲ್ಲಿಯೂ ಬಳಸೋಣ.

— ನಿಮ್ಮ ಗ್ರಾಮಸೇವಕ