ಯಲ್ಲಾಪುರದ ಮೆಡಿಕಲ್ ಶಾಪಿನಲ್ಲಿ ಕೆಲಸ ಕಲಿಯುವವರಿಗೆ

ಯಲ್ಲಾಪುರ ಪೇಟೆಯ ಔಷಧ ಅಂಗಡಿಗೆ ಬರುವವರಲ್ಲಿ ಅನೇಕರು ಹಳ್ಳಿಯಿಂದ ಬಂದವರು, ಮರಳುವ ಬಸ್ಸಿನ ಗಡಿಬಿಡಿಯಲ್ಲಿರುವವರು. ಆ ಗಡಿಬಿಡಿ ನಿಮ್ಮ ಕೈಗೆ ಅಂಟಬಾರದು. ಈ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಅದನ್ನೇ.

ಹಂತ 1: ಓದು, ನೋಂದಣಿ
ಪಿಯುಸಿ ವಿಜ್ಞಾನದ ನಂತರ ಎರಡು ವರ್ಷದ ಡಿ.ಫಾರ್ಮ ಮಾಡಿ. ಅದಾದ ಮೇಲೆ 500 ಗಂಟೆಗಳ ಪ್ರಾಯೋಗಿಕ ತರಬೇತಿ, ಬಳಿಕ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ. 1948ರ ಫಾರ್ಮಸಿ ಕಾಯ್ದೆಯಂತೆ ವೈದ್ಯರ ಚೀಟಿಗೆ ಔಷಧ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. ಅಲ್ಲಿಯವರೆಗೆ ಸಹಾಯಕರಾಗಿ ಸೇರಬಹುದು. ಮಾಲು ಇಳಿಸಿ, ಬಿಲ್ಲಿಗೆ ಬ್ಯಾಚ್ ನಂಬರ್ ತಾಳೆ ನೋಡಿ, ಜೋಡಿಸಿ. ಔಷಧದ ಹೆಸರುಗಳು ತಲೆಗೆ ಹತ್ತುವುದು ಹೀಗೆಯೇ.

ಹಂತ 2: ಕಪಾಟು, ಫ್ರಿಜ್
ಎಕ್ಸ್‌ಪೈರಿ ಹತ್ತಿರವಿರುವುದು ಮುಂದೆ, ಹೊಸದು ಹಿಂದೆ. ನಮ್ಮ ಮಳೆಗಾಲದ ಥಂಡಿ ಗೋಡೆಗೆ ಪೆಟ್ಟಿಗೆ ತಾಗಿಸಬೇಡಿ, ನೆಲದ ಮೇಲಂತೂ ಬೇಡವೇ ಬೇಡ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಕೊಡುವಂತಿಲ್ಲ. ಗಾಳಿಮಳೆಗೆ ಕರೆಂಟು ಹೋದಾಗ ಫ್ರಿಜ್ ಬಾಗಿಲು ತೆರೆಯದಿರಿ; ಬೆಳಿಗ್ಗೆ, ಸಂಜೆ ಉಷ್ಣಾಂಶ ಬರೆದಿಡಿ.

ಹಂತ 3: ಚೀಟಿ
ರೋಗಿಯ ಹೆಸರು, ವಯಸ್ಸು, ಎಷ್ಟು ಮಿಲಿಗ್ರಾಂ, ಎಷ್ಟು ದಿನ, ಎಲ್ಲವನ್ನೂ ಓದಿ. ಅಕ್ಷರ ತಿಳಿಯದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಊಹೆ ಮಾಡಿ ಕೊಡುವ ಮಾತೇ ಇಲ್ಲ. ಶೆಡ್ಯೂಲ್ ಎಚ್1 ಪಟ್ಟಿಯ ಔಷಧಗಳಿಗೆ ಪ್ರತ್ಯೇಕ ರಿಜಿಸ್ಟರ್ ಇದೆ. ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಬರೆದು ಮೂರು ವರ್ಷ ಕಾಪಾಡಬೇಕು. ಹಲವು ಆ್ಯಂಟಿಬಯೋಟಿಕ್‌ಗಳು, ಕ್ಷಯದ ಔಷಧಗಳು ಇದರಲ್ಲಿವೆ.

ಹಂತ 4: ಮಾತು
ನನ್ನ ಮಟ್ಟಿಗೆ ಅತಿ ಮುಖ್ಯ ಹಂತ ಇದು. ‘ದಿನಕ್ಕೆ ಮೂರು’ ಎಂದಷ್ಟೇ ಹೇಳಿದರೆ ಮೂರನ್ನೂ ಒಟ್ಟಿಗೆ ನುಂಗಿಬಿಡಬಹುದು. ‘ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು, ಉಂಡ ಮೇಲೆ’ ಎನ್ನಿ. ಇಲ್ಲಿಯ ಸಿದ್ದಿ ಸಮುದಾಯದವರ ಮನೆಮಾತು ಕೊಂಕಣಿ, ಗೌಳಿಗರದ್ದು ಮರಾಠಿಯ ಬಗೆ. ಆ ಭಾಷೆಗಳಲ್ಲಿ ಹೊತ್ತು ಹೇಳುವ ನಾಲ್ಕು ಮಾತಾದರೂ ಕಲಿತುಕೊಳ್ಳಿ. ಓದು ಬಾರದವರಿಗೆ ಕವರಿನ ಮೇಲೆ ಸೂರ್ಯ, ಚಂದ್ರ ಬರೆದುಕೊಡಿ. ‘ತಿಳೀತಾ?’ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು ‘ಹ್ಯಾಗೆ ತಗೋತೀರಿ, ಒಮ್ಮೆ ಹೇಳಿ’ ಎಂದು ಕೇಳಿ.

ಮಕ್ಕಳ ಪುಡಿ ಸಿರಪ್ಪಿಗೆ ಕಾಯಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ ಕುಲುಕುವುದನ್ನು ಎದುರಿಗೇ ತೋರಿಸಿ. ಕಲಸಿದ ಮೇಲೆ ಎಷ್ಟು ದಿನ ಬಳಸಬಹುದೆಂದು ಬಾಟಲಿಯ ಮೇಲೆ ಬರೆದಿರುತ್ತದೆ, ಅದನ್ನೂ ಹೇಳಿ.

ಹಂತ 5: ಚೀಟಿ ಇಲ್ಲದೆ ಬಂದ ಜ್ವರ
‘ಜ್ವರ, ಮೈಕೈ ನೋವು, ಏನಾದ್ರೂ ಗುಳಿಗೆ ಕೊಡಿ’ ಎಂದು ಕೇಳುತ್ತಾರೆ. ಡೆಂಗಿ ಆಗಿರಬಹುದು. ಕಾಡಿಗೆ, ದರಕು (ಒಣ ಎಲೆ) ಗುಡಿಸಲು ಹೋದವರಾದರೆ ಸಿದ್ದಾಪುರದ ಕಡೆ ಕಾಡುವ ಮಂಗನ ಕಾಯಿಲೆಯ ಶಂಕೆಯೂ ಬೇಕು. ಎರಡರಲ್ಲೂ ರಕ್ತಸ್ರಾವದ ಭಯವಿದೆ; ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಅದನ್ನು ಹೆಚ್ಚಿಸುತ್ತವೆ. ಎಷ್ಟೇ ಒತ್ತಾಯಿಸಿದರೂ ಅವನ್ನು ಕೊಡಬೇಡಿ. ಎಷ್ಟು ದಿನದ ಜ್ವರ, ಕಾಡಿಗೆ ಹೋಗಿದ್ದರೇ, ಉಣ್ಣೆ ಕಚ್ಚಿತ್ತೇ ಎಂದು ಕೇಳಿ, ಅದೇ ದಿನ ತಾಲೂಕು ಆಸ್ಪತ್ರೆಗೆ ಕಳಿಸಿ.