ಕೆಳಗೆ ಕಡಲು, ಮೇಲೆ ಬೆಂಕಿ ಬೆಟ್ಟ



ನಾವು ಇವತ್ತು ದೂರದ ಒಂದು ಊರಿನ ವಿಷಯ ಓದೋಣ. ಊರಿನ ಹೆಸರು ಹಿಲೋ. ಅದು ಹವಾಯಿ ಎಂಬ ದ್ವೀಪದಲ್ಲಿದೆ. ದ್ವೀಪ ಅಂದ್ರೆ ಸುತ್ತ ನೀರು, ನಡುವೆ ನೆಲ. ಈ ದ್ವೀಪ ಅಮೆರಿಕ ದೇಶಕ್ಕೆ ಸೇರಿದೆ.

ಈ ದ್ವೀಪ ಹುಟ್ಟಿದ್ದೇ ಬೆಂಕಿಯಿಂದ. ಭೂಮಿಯ ಒಳಗೆ ಕಾದು ಕರಗಿದ ಕಲ್ಲು ಕಡಲ ತಳದಿಂದ ಉಕ್ಕಿ ಬಂತು. ತಣ್ಣಗಾಗಿ ಗಟ್ಟಿಯಾಯಿತು. ಪದರದ ಮೇಲೆ ಪದರ ಬಿದ್ದು ಬೆಟ್ಟವಾಯಿತು. ಬೆಂಕಿ ಉಗುಳುವ ಇಂಥ ಬೆಟ್ಟಕ್ಕೆ ಜ್ವಾಲಾಮುಖಿ ಅನ್ನುತ್ತಾರೆ.

ಹಿಲೋ ಊರಿನ ಹಿಂದೆ ಇಂಥ ಎರಡು ದೊಡ್ಡ ಬೆಟ್ಟಗಳಿವೆ. ಒಂದು ಮೌನಾ ಕೆಯಾ. ಕಡಲ ಮಟ್ಟದಿಂದ ಅದರ ಎತ್ತರ ಸುಮಾರು 13,800 ಅಡಿ. ಇನ್ನೊಂದು ಮೌನಾ ಲೋವಾ. ಅದೂ ಹೆಚ್ಚು ಕಡಿಮೆ ಅಷ್ಟೇ ಎತ್ತರ.

ಒಂದು ಮೊರವನ್ನು ಓರೆಯಾಗಿ ಹಿಡಿದು ನೋಡಿ. ಮೇಲಿನ ಅಂಚು ಬೆಟ್ಟ. ಕೆಳಗಿನ ಅಂಚು ಕಡಲ ದಡ. ಆ ದಡದಲ್ಲೇ ಹಿಲೋ ಇದೆ. ಕಡಲ ಬದಿಯ ಬೀದಿಗಳು ನೀರಿಗಿಂತ ಕೆಲವೇ ಅಡಿ ಮೇಲಿವೆ. ಬೆಟ್ಟದ ಕಡೆ ನಡೆದಂತೆ ನೆಲ ಏರುತ್ತಾ ಹೋಗುತ್ತದೆ.

ಈ ಊರಿಗೆ ಎರಡು ಕಡೆಯಿಂದಲೂ ಭಯ. 1984ರಲ್ಲಿ ಮೌನಾ ಲೋವಾ ಬೆಂಕಿ ಉಗುಳಿತು. ಕರಗಿದ ಕಲ್ಲು ಊರಿನ ಕಡೆ ಹರಿಯಿತು. ಊರು ಇನ್ನೂ ಕೆಲವು ಕಿಲೋಮೀಟರ್ ದೂರ ಇರುವಾಗಲೇ ನಿಂತಿತು. ಊರು ಉಳಿಯಿತು.

ಕಡಲಿನ ಅಲೆ ಹಾಗಲ್ಲ. 1960ರ ಮೇ 22ರಂದು ಚಿಲಿ ದೇಶದಲ್ಲಿ ಭಾರಿ ಭೂಕಂಪ ಆಯಿತು. ಕಡಲು ಅಲುಗಿ ದೊಡ್ಡ ಅಲೆಗಳು ಹೊರಟವು. ಇಂಥ ಅಲೆಗೆ ಸುನಾಮಿ ಎಂದು ಹೆಸರು. ಅದು ಹಿಲೋ ಮುಟ್ಟಲು ಸುಮಾರು 15 ಗಂಟೆ ಬೇಕಾಯಿತು. ಅಷ್ಟರೊಳಗೆ ಸುದ್ದಿ ಬಂದಿತ್ತು. ರಾತ್ರಿ ಎಂಟೂವರೆಗೇ ಊರಲ್ಲಿ ಸೈರನ್ ಕೂಗಿತು.

ಕೆಲವರು ಎತ್ತರಕ್ಕೆ ಹೋದರು. ಕೆಲವರು ಮನೆಯಲ್ಲೇ ಉಳಿದರು. ಮೊದಲು ಬಂದ ಅಲೆಗಳು ಸಣ್ಣವು. ಇನ್ನೇನೂ ಆಗಲ್ಲ ಅಂತ ಕೆಲವರು ಕೆಳಗೆ ವಾಪಸ್ ಬಂದರು. ರಾತ್ರಿ ಒಂದು ಗಂಟೆ ದಾಟಿತ್ತು. ಆಗ ಬಂತು ದೊಡ್ಡ ಅಲೆ! ಸುಮಾರು 35 ಅಡಿ ಎತ್ತರ. ಹಿಲೋದಲ್ಲಿ 61 ಜನ ಸತ್ತರು.

ಸೈರನ್ ಕೂಗಿತ್ತು. ಎತ್ತರದ ಜಾಗವೂ ಹತ್ತಿರದಲ್ಲೇ ಇತ್ತು. ಆದರೂ ಜೀವ ಹೋಯಿತು. ಯಾಕೆ ಅಂತ ನಾವು ಯೋಚಿಸಬೇಕು, ಅಲ್ವಾ?

ಆಮೇಲೆ ಹಿಲೋದ ಜನ ಪಾಠ ಕಲಿತರು. ಅಲೆ ಬಡಿದ ತಗ್ಗು ಜಾಗದ ಬಹುಪಾಲಿನಲ್ಲಿ ಮತ್ತೆ ಮನೆ ಕಟ್ಟಲಿಲ್ಲ. ಅಲ್ಲಿ ಈಗ ಹುಲ್ಲು, ಮರ, ಉದ್ಯಾನ ಇದೆ. 2025ರ ಜುಲೈನಲ್ಲಿ ರಷ್ಯಾದ ಕಡೆ ಭೂಕಂಪ ಆದಾಗ ಹವಾಯಿಯಲ್ಲಿ ಮತ್ತೆ ಸೈರನ್ ಕೂಗಿತು. ಕಡಲ ಬದಿಯ ಜನ ಎತ್ತರಕ್ಕೆ ಹೋದರು.

ನೀರು ತಗ್ಗನ್ನು ಹುಡುಕುತ್ತದೆ. ನಾವು ಎತ್ತರವನ್ನು ಹುಡುಕಬೇಕು. ಹೋದ ಮೇಲೆ, ಅಪಾಯ ಇಲ್ಲ ಎಂದು ತಿಳಿಸುವವರೆಗೆ ಕೆಳಗೆ ಇಳಿಯಬಾರದು.

ಓದಿ, ಮಾತಾಡಿ

1. ದ್ವೀಪ ಅಂದರೆ ಏನು?
2. ಕೆಲವರು ಕೆಳಗೆ ವಾಪಸ್ ಬಂದದ್ದು ಯಾಕೆ?
3. ನಿಮ್ಮ ಊರಿನಲ್ಲಿ ಎಲ್ಲಕ್ಕಿಂತ ತಗ್ಗಾದ ಜಾಗ ಯಾವುದು? ಎತ್ತರದ ಜಾಗ ಯಾವುದು? ಹೆಸರು ಬರೆಯಿರಿ.